ಟ್ರೇಯ ಮೇಲೆ ದಿನಾಂಕ ಬರೆದಿಡುವ ಮೊಟ್ಟೆ ಅಂಗಡಿ

ಈ ಅಂಗಡಿಯಿಂದ ನಾನು ಒಂದೂವರೆ ವರ್ಷದಿಂದ ವಾರಕ್ಕೆ ಐದು ಟ್ರೇ ಮೊಟ್ಟೆ ಒಯ್ಯುತ್ತಿದ್ದೇನೆ. ಐದು ಟ್ರೇ ಎಂದರೆ 150 ಮೊಟ್ಟೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಮಧ್ಯಾಹ್ನದ ಊಟದ ಉಸ್ತುವಾರಿ ನನ್ನದು. ಕೇರಳದ ಶಾಲೆಗಳ ಊಟದ ಯೋಜನೆಯಲ್ಲಿ ಮಕ್ಕಳಿಗೆ ವಾರಕ್ಕೊಂದು ಮೊಟ್ಟೆ ಇದೆ. ನಮ್ಮಲ್ಲಿ ಅದು ಬುಧವಾರ. ಮೊಟ್ಟೆ ತಿನ್ನದ ಮನೆಗಳ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತೇವೆ, ಉಳಿದ 140 ಚಿಲ್ಲರೆ ಮಕ್ಕಳು ಬೇಯಿಸಿದ ಮೊಟ್ಟೆಗಾಗಿ ಕಾದಿರುತ್ತಾರೆ. ಇಷ್ಟು ಮಕ್ಕಳ ಹೊಟ್ಟೆಯ ಹೊಣೆ ಹೊತ್ತವನಿಗೆ ಮೊಟ್ಟೆ ಎಷ್ಟು ಹಳೆಯದು ಎಂಬ ಪ್ರಶ್ನೆ ಸಣ್ಣದಲ್ಲ. ಈ ಅಂಗಡಿಯ ಬಗ್ಗೆ ನಾನು ಬರೆಯುವುದೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ಇದೆ.

ಅಂಗಡಿಯ ದೊಡ್ಡ ಗುಣವನ್ನು ಮೊದಲೇ ಹೇಳುತ್ತೇನೆ. ಲಾರಿಯಿಂದ ಇಳಿಸಿದ ಟ್ರೇಗಳ ಪ್ರತಿಯೊಂದು ಅಟ್ಟಿಯ ಮೇಲೂ ಒಂದು ರಟ್ಟಿನ ತುಂಡು ಇಟ್ಟು, ಅದರ ಮೇಲೆ ನೀಲಿ ಮಾರ್ಕರಿನಲ್ಲಿ ಸರಕು ಬಂದ ದಿನಾಂಕವನ್ನು ಬರೆಯುತ್ತಾರೆ. ಸೋಮವಾರದ ಲೋಡು ಎಡಗಡೆ, ಗುರುವಾರದ ಲೋಡು ಬಲಗಡೆ. ಹಳೆಯದು ಮುಗಿಯುವ ಮೊದಲು ಹೊಸದನ್ನು ಅದರ ಮೇಲೆ ಪೇರಿಸುವುದಿಲ್ಲ. ಕೇಳಿದರೆ ಹೊಸ ಅಟ್ಟಿಯಿಂದಲೇ ತೆಗೆದುಕೊಡುತ್ತಾರೆ; ಹಳೆಯ ಅಟ್ಟಿಯದು ಸಾಕು ಎನ್ನುವವರಿಗೆ ಟ್ರೇಗೆ 5 ರೂಪಾಯಿ ಇಳಿಸುತ್ತಾರೆ. ಬಿಡಿ ಮೊಟ್ಟೆ ಮಾರುವ ಇತರ ಅಂಗಡಿಗಳಲ್ಲಿ ಇಂಥ ಗುರುತನ್ನು ನಾನು ಕಂಡಿಲ್ಲ. ಟ್ರೇಯಲ್ಲಿ ಬರುವ ಮೊಟ್ಟೆಗೆ ಹೊದಿಕೆಯಿಲ್ಲ, ಚೀಟಿಯಿಲ್ಲ, ಓಡಿನ ಮೇಲೆ ಮುದ್ರೆಯಿಲ್ಲ. ಮಾರುವವರು ಹೇಳದಿದ್ದರೆ ಅದರ ವಯಸ್ಸು ಕೊಳ್ಳುವವನಿಗೆ ತಿಳಿಯುವ ದಾರಿಯೇ ಇಲ್ಲ.

ರಟ್ಟಿನ ಮೇಲಿರುವುದು ಮೊಟ್ಟೆ ಅಂಗಡಿಗೆ ಬಂದ ದಿನವೇ ಹೊರತು ಕೋಳಿ ಇಟ್ಟ ದಿನವಲ್ಲ ಎಂಬುದನ್ನು ಕೊಳ್ಳುವವರು ಮರೆಯಬಾರದು. ಇಲ್ಲಿಗೆ ಬರುವ ಬಿಳಿ ಫಾರಂ ಮೊಟ್ಟೆ ತಮಿಳುನಾಡಿನ ನಾಮಕ್ಕಲ್ ಕಡೆಯದು. ಅಲ್ಲಿ ಒಟ್ಟುಮಾಡಿ, ಟ್ರೇಗೆ ತುಂಬಿ, ಲಾರಿಗೆ ಹೇರಿ, ಘಟ್ಟದ ಆಚೆಯಿಂದ ನಮ್ಮ ಕರಾವಳಿಗೆ ತಲುಪುವಷ್ಟರಲ್ಲಿ ಎರಡು ಮೂರು ದಿನ ಕಳೆದಿರುತ್ತದೆ ಎಂದು ಅಂಗಡಿಯವರೇ ಮುಚ್ಚುಮರೆಯಿಲ್ಲದೆ ಹೇಳಿದರು. ಮೊಟ್ಟೆಯ ದರವೂ ನಿಂತ ನೀರಲ್ಲ. 1982ರಲ್ಲಿ ಆರಂಭವಾದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ವಲಯವಾರು ದರವನ್ನು ದಿನದಿನವೂ ಪ್ರಕಟಿಸುತ್ತದೆ, ದರ ಏರುವ ಸೂಚನೆ ಕಂಡಾಗ ಸರಕನ್ನು ನಾಲ್ಕು ದಿನ ಹಿಡಿದಿಡುವ ಆಸೆ ನಡುವಿನ ವ್ಯಾಪಾರಿಗೆ ಹುಟ್ಟುವುದು ಸಹಜ. ಆದ್ದರಿಂದ ನಾನು ರಟ್ಟಿನ ದಿನಾಂಕಕ್ಕೆ ನಾಲ್ಕು ದಿನ ಕೂಡಿಸಿಕೊಂಡೇ ಲೆಕ್ಕ ಹಾಕುತ್ತೇನೆ.

ಇಷ್ಟು ಜಾಗ್ರತೆ ನನಗೆ ತಾನಾಗಿ ಬಂದದ್ದಲ್ಲ. ಇದಕ್ಕೆ ಮೊದಲು ಶಾಲೆಗೆ ಮೊಟ್ಟೆ ತರುತ್ತಿದ್ದುದು ಬೇರೊಂದು ಅಂಗಡಿಯಿಂದ. ಅದರ ಹೆಸರು ಇಲ್ಲಿ ಬೇಡ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಎರಡನೆಯ ವಾರ, ಬುಧವಾರ ಬೆಳಗ್ಗೆ ಒಂಬತ್ತೂವರೆಗೆ ಅಡುಗೆಯ ಅಕ್ಕ ನನ್ನನ್ನು ಕರೆದರು. ಅವರು ಬೇಯಿಸುವ ಮೊದಲು ಮೊಟ್ಟೆಗಳನ್ನು ದೊಡ್ಡ ಅಲ್ಯೂಮಿನಿಯಂ ಚರಿಗೆಯ ನೀರಿಗೆ ಹತ್ತಿಪ್ಪತ್ತರಂತೆ ಬಿಟ್ಟು ನೋಡುವವರು. "ಮಾಷ್ಟ್ರೇ, ಇವತ್ತಿನದ್ದು ಸರಿ ಇಲ್ಲ, ನಿಲ್ಲುವುದಲ್ಲ, ತೇಲುತ್ತಾ ಉಂಟು" ಎಂದರು. ಹೋಗಿ ನೋಡಿದೆ. ಚರಿಗೆಯ ತಳದಲ್ಲಿ ಮಲಗಿದ್ದವು ಕೆಲವೇ ಕೆಲವು. ಹೆಚ್ಚಿನವು ಚೂಪು ತುದಿ ಕೆಳಗೆ ಮಾಡಿ ನೆಟ್ಟಗೆ ನಿಂತಿದ್ದವು. ನೀರಿನ ಮೇಲೆ ಅಗಲ ತುದಿಯ ಬಿಳಿ ಬೊಟ್ಟು ಕಾಣುವಂತೆ ತೇಲುತ್ತಿದ್ದವು 11. ಅವುಗಳಲ್ಲಿ ಒಂದನ್ನು ಅಕ್ಕ ಅಂಗಳದ ತೆಂಗಿನ ಬುಡಕ್ಕೆ ಒಯ್ದು ಒಡೆದಾಗ ಒಳಗಿನದು ಪಟ್ಟನೆ ಸಿಡಿದು, ಆ ನಾತ ಮೂರನೆಯ ತರಗತಿಯ ಕಿಟಕಿಯವರೆಗೂ ಬಂತು. ಆ ದಿನ ಮೊಟ್ಟೆ ಬೇಯಿಸಲಿಲ್ಲ, ಎಲ್ಲ ಮಕ್ಕಳಿಗೂ ಬಾಳೆಹಣ್ಣು ಕೊಟ್ಟೆವು. ಅಂಗಡಿಗೆ ಹೋಗಿ ಹೇಳಿದರೆ "ಚೆನ್ನಾಗಿ ಬೇಯಿಸಿದರೆ ಏನೂ ಆಗುವುದಿಲ್ಲ" ಎಂಬ ಉತ್ತರ ಬಂತು. ಆ ಮಾತು ತಪ್ಪು. ಕೊಳೆತ ಪದಾರ್ಥವನ್ನು ಬೇಯಿಸಿದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಕೆಲವು ಬ್ಯಾಕ್ಟೀರಿಯಾ ಈಗಾಗಲೇ ಬಿಟ್ಟಿರುವ ವಿಷ ಕುದಿಯುವ ನೀರಿಗೂ ಬಗ್ಗುವುದಿಲ್ಲ.

ಅಕ್ಕನ ನೀರಿನ ಪರೀಕ್ಷೆಯನ್ನು ಇಲ್ಲಿ ಬಿಡಿಸಿ ಹೇಳಬೇಕು. ನಾನು ಈ ಅಂಗಡಿಯನ್ನು ಅಳೆದದ್ದೂ ಅದರಿಂದಲೇ. ಮೊಟ್ಟೆಯ ಓಡಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಮೊಟ್ಟೆ ಕೋಳಿಯಿಂದ ಹೊರಬಿದ್ದು ತಣಿಯುವಾಗ ಒಳಗಿನದು ಕುಗ್ಗಿ, ಅಗಲ ತುದಿಯಲ್ಲಿ ಎರಡು ಪೊರೆಗಳ ನಡುವೆ ಗಾಳಿಯ ಸಣ್ಣ ಗೂಡು ಹುಟ್ಟುತ್ತದೆ. ದಿನ ಕಳೆದಂತೆ ಒಳಗಿನ ನೀರಿನ ಅಂಶ ಆ ರಂಧ್ರಗಳ ಮೂಲಕ ಆವಿಯಾಗಿ ಹೋಗಿ ಗೂಡು ದೊಡ್ಡದಾಗುತ್ತದೆ, ಮೊಟ್ಟೆ ಹಗುರವಾಗುತ್ತದೆ. ಹೊಸ ಮೊಟ್ಟೆ ನೀರಿನ ತಳದಲ್ಲಿ ಅಡ್ಡ ಮಲಗುತ್ತದೆ, ಸ್ವಲ್ಪ ಹಳತಾದರೆ ಅಗಲ ತುದಿ ಮೇಲೇಳುತ್ತದೆ, ಇನ್ನೂ ಹಳತಾದರೆ ನೆಟ್ಟಗೆ ನಿಲ್ಲುತ್ತದೆ, ಕೊನೆಗೆ ತೇಲುತ್ತದೆ. ನಮ್ಮ ಅಜ್ಜಿಯಂದಿರು ಮೊಟ್ಟೆಯನ್ನು ಕಿವಿಯ ಬಳಿ ಕುಲುಕಿ ನೋಡುತ್ತಿದ್ದುದರ ಹಿಂದೆಯೂ ಇದೇ ಕಾರಣವಿದೆ. ಗೂಡು ದೊಡ್ಡದಾಗಿ ಬಿಳಿಯ ಲೋಳೆ ನೀರಾದ ಮೇಲೆ ಒಳಗೆ ಕುಲುಕಲು ಜಾಗ ಸಿಗುತ್ತದೆ.

ಆದರೆ ಈ ಪರೀಕ್ಷೆಯನ್ನು ಕುರುಡಾಗಿ ನಂಬುವವರಿಗೆ ನಾನು ಎರಡು ಮಾತು ಹೇಳಬೇಕು. ಮೊದಲನೆಯದು ನಮ್ಮ ಊರಿನ ಮಳೆಗಾಲದ್ದು. ಆವಿಯಾಗುವುದು ಹೊರಗಿನ ಗಾಳಿ ಎಷ್ಟು ಒಣಗಿದೆ ಎಂಬುದರ ಮೇಲೆ ನಿಂತಿದೆ. ಜೂನ್, ಜುಲೈ ತಿಂಗಳಲ್ಲಿ ಕಾಸರಗೋಡಿನ ಗಾಳಿ ಎಷ್ಟು ತೇವವಾಗಿರುತ್ತದೆ ಎಂದರೆ ಹಗ್ಗಕ್ಕೆ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅಂಥ ಗಾಳಿಯಲ್ಲಿ ಮೊಟ್ಟೆಯ ನೀರೂ ನಿಧಾನವಾಗಿಯೇ ಆರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಹಳೆಯ ಮೊಟ್ಟೆಯೂ ಹೊಸದರಂತೆ ಮಲಗಿ ಮೋಸ ಮಾಡಬಹುದು, ಅದೇ ಹೊತ್ತಿಗೆ ಓಡಿನ ಮೇಲೆ ಬೂಷ್ಟು ಹಿಡಿಯಲು ಆ ತೇವವೇ ಅನುಕೂಲ. ಜನವರಿಯಿಂದ ಮಾರ್ಚಿಯವರೆಗಿನ ಒಣ ಹವೆಯಲ್ಲಿ ಇದು ತಿರುಗುಮುರುಗಾಗುತ್ತದೆ. ಆ ವರ್ಷ ಜೂನ್ ತಿಂಗಳಲ್ಲಿಯೂ ನಮ್ಮ 11 ಮೊಟ್ಟೆಗಳು ತೇಲಿದವು ಎಂದರೆ ಅವು ಬೇಸಿಗೆಯ ರಜೆಯಲ್ಲಿ ಎಷ್ಟು ದಿನ ಅಂಗಡಿಯ ಮೂಲೆಯಲ್ಲಿದ್ದವೋ ಎಂದು ಈಗಲೂ ಯೋಚಿಸುತ್ತೇನೆ. ತೆಳು ಓಡಿನದು, ಕೂದಲೆಳೆಯ ಬಿರುಕು ಬಿದ್ದದ್ದು ಬೇಗ ಹಗುರವಾಗುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎರಡನೆಯ ಮಾತು ಇದಕ್ಕಿಂತ ದೊಡ್ಡದು. ನೀರು ಹೇಳುವುದು ಮೊಟ್ಟೆಯ ವಯಸ್ಸನ್ನು, ಅದರ ಸುರಕ್ಷತೆಯನ್ನಲ್ಲ. ಹೊಟ್ಟೆಗೆ ಕೇಡು ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಓಡಿನ ಮೇಲೆ ಮೆತ್ತಿದ ಹಿಕ್ಕೆಯಿಂದ ಬರಬಹುದು, ಕೋಳಿಗೇ ಸೋಂಕಿದ್ದರೆ ಓಡು ಕಟ್ಟುವ ಮೊದಲೇ ಮೊಟ್ಟೆಯ ಒಳಗೆ ಸೇರಿರಲೂಬಹುದು. ಅಂಥ ಮೊಟ್ಟೆಗೆ ವಾಸನೆಯಿಲ್ಲ, ಬಣ್ಣ ಬದಲಾಗಿರುವುದಿಲ್ಲ, ನಿನ್ನೆ ಇಟ್ಟದ್ದಾದರೆ ನೀರಿನಲ್ಲಿ ಚೊಕ್ಕವಾಗಿ ಮಲಗುತ್ತದೆ. ನಾತ ಹೊಡೆಯುವ ಮೊಟ್ಟೆಯನ್ನು ಯಾರೂ ಬಾಯಿಗೆ ಹಾಕುವುದಿಲ್ಲ; ಭಯಪಡಬೇಕಾದದ್ದು ಚೆನ್ನಾಗಿ ಕಾಣುವುದಕ್ಕೆ. ಅದಕ್ಕೆ ಮದ್ದು ಬೆಂಕಿ ಒಂದೇ. ಬಿಳಿಯೂ ಹಳದಿಯೂ ಗಟ್ಟಿಯಾಗುವ ತನಕ, ಅಂದರೆ ನಡುವಿನ ಬಿಸಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ಬೇಯಿಸಬೇಕು. ನಮ್ಮ ಶಾಲೆಯಲ್ಲಿ ನೀರು ಕುದಿ ಬಂದ ಮೇಲೆ 12 ನಿಮಿಷ ಗಡಿಯಾರ ನೋಡಿಯೇ ಇಡುತ್ತೇವೆ. ಹಾಫ್ ಬಾಯಿಲ್ಡ್ ಮೊಟ್ಟೆಯನ್ನು ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಕೊಡುವುದು ಮೊಟ್ಟೆ ಎಷ್ಟೇ ಹೊಸದಾಗಿದ್ದರೂ ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. 2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರ್ವತ್ತೂರಿನಲ್ಲಿ ಶವರ್ಮಾ ತಿಂದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡದ್ದು ಇಲ್ಲಿನ ತಾಯಿತಂದೆಯರಿಗೆ ಇನ್ನೂ ಮರೆತಿಲ್ಲ. 2023ರ ಜನವರಿಯಲ್ಲಿ ಕೇರಳ ಸರಕಾರ ಹಸಿ ಮೊಟ್ಟೆಯಿಂದ ಮಾಡಿ ಶವರ್ಮಾದಂಥ ತಿಂಡಿಗೆ ಹಚ್ಚುವ ಮಯೋನೈಸನ್ನು ನಿಷೇಧಿಸಿದ್ದೂ ಇದೇ ಕಾಳಜಿಯಿಂದ.

ಹಾಗಾದರೆ ವಯಸ್ಸು ತಿಳಿದು ಏನು ಪ್ರಯೋಜನ ಎಂದು ಕೇಳಬಹುದು. ಒಳಗೆ ಒಂದೆರಡು ಬ್ಯಾಕ್ಟೀರಿಯಾ ಇದ್ದರೂ ಹೊಸ ಮೊಟ್ಟೆಯ ದಪ್ಪ ಬಿಳಿಲೋಳೆ ಅವುಗಳನ್ನು ಬೆಳೆಯಲು ಬಿಡುವುದಿಲ್ಲ. ದಿನ ಕಳೆದು, ಅದರಲ್ಲಿಯೂ ಸೆಕೆಯಲ್ಲಿ ಕಳೆದು, ಲೋಳೆ ನೀರಾಗಿ ಹಳದಿಯ ಸುತ್ತಲಿನ ಪೊರೆ ಸಡಿಲವಾದ ಮೇಲೆ ಅವುಗಳಿಗೆ ಹಳದಿಯೊಳಗಿನ ಆಹಾರ ಸಿಗುತ್ತದೆ, ಆಗ ಸಂಖ್ಯೆ ಏರುತ್ತದೆ. ಹಳೆಯ ಮೊಟ್ಟೆ ಎಂದರೆ ಕೆಟ್ಟ ಮೊಟ್ಟೆ ಎಂದೇ ಅರ್ಥವಲ್ಲ, ಆದರೆ ಅಪಾಯಕ್ಕೆ ಹೆಚ್ಚು ಸಮಯ ಸಿಕ್ಕ ಮೊಟ್ಟೆ. ಮೊಟ್ಟೆ ಫ್ರಿಜ್ಜಿನಲ್ಲಿ ಒಂದು ವಾರದಲ್ಲಿ ಹಳತಾಗುವಷ್ಟು ಹೊರಗಿನ ಸೆಕೆಯಲ್ಲಿ ಒಂದೇ ದಿನದಲ್ಲಿ ಹಳತಾಗುತ್ತದೆ ಎಂಬ ಒಂದು ಅಂದಾಜು ಬಳಕೆಯಲ್ಲಿದೆ; ನಮ್ಮ ಏಪ್ರಿಲ್ ತಿಂಗಳ ಸೆಕೆಯನ್ನು ಬಲ್ಲವರಿಗೆ ಅದು ಅತಿಶಯ ಎನ್ನಿಸದು. ಅದಕ್ಕಾಗಿಯೇ ಆ ನೀಲಿ ಮಾರ್ಕರಿನ ರಟ್ಟಿಗೆ ನಾನು ಇಷ್ಟು ಬೆಲೆ ಕೊಡುತ್ತೇನೆ.

ಒಂದೂವರೆ ವರ್ಷದಲ್ಲಿ ಈ ಅಂಗಡಿಯ ಮೊಟ್ಟೆ ಚರಿಗೆಯಲ್ಲಿ ತೇಲಿದ್ದು ಒಮ್ಮೆ ಮಾತ್ರ, ಅದೂ ಒಂದೇ ಒಂದು. ನೋಡಿದರೆ ಅದರ ಓಡಿನಲ್ಲಿ ಬಿರುಕಿತ್ತು. ನೆಟ್ಟಗೆ ನಿಂತವು ಅಲ್ಲಲ್ಲಿ ಸಿಕ್ಕಿವೆ. ಅವನ್ನು ಅಕ್ಕ ಬೇರೆ ತೆಗೆದಿಟ್ಟು ಒಂದೊಂದಾಗಿ ಬಟ್ಟಲಿಗೆ ಒಡೆದು ನೋಡಿದ ಮೇಲೆಯೇ ಪಲ್ಯಕ್ಕೆ ಹಾಕುತ್ತಾರೆ. ಹೀಗೆ ಒಡೆದು ನೋಡುವುದೇ ಕೊನೆಯ ತೀರ್ಪು. ಮೂಗಿಗೆ ಗಂಧಕದ ನಾತ ಬಡಿದರೆ, ಬಿಳಿಲೋಳೆ ಗುಲಾಬಿ ಬಣ್ಣಕ್ಕೋ ಹಸಿರಿಗೋ ತಿರುಗಿದ್ದರೆ, ಎಣ್ಣೆಯಂತೆ ಬಣ್ಣ ಬಣ್ಣವಾಗಿ ಮಿನುಗಿದರೆ, ಕಪ್ಪು ಬೊಟ್ಟು ಕಂಡರೆ ಹಿಂದೆ ಮುಂದೆ ನೋಡದೆ ಎಸೆಯಬೇಕು. ಹಳದಿಯ ಮೇಲೆ ಸಣ್ಣ ರಕ್ತದ ಬೊಟ್ಟು ಇದ್ದರೆ ಹೆದರಬೇಕಾಗಿಲ್ಲ. ಬಿಳಿ ಸ್ವಲ್ಪ ಮಂಜು ಮಂಜಾಗಿದ್ದರೆ ಅದು ಹೊಸತನದ ಗುರುತು. ಬೇಯಿಸಿದ ಮೊಟ್ಟೆಯ ಹಳದಿಯ ಸುತ್ತ ಬರುವ ಹಸಿರು ಬಳೆಯನ್ನು ಕಂಡು ಕೆಲವು ತಾಯಂದಿರು ನನ್ನಲ್ಲಿ ದೂರು ಹೇಳಿದ್ದುಂಟು. ಅದು ಹೆಚ್ಚು ಹೊತ್ತು ಬೆಂದಾಗ ಕಬ್ಬಿಣ ಮತ್ತು ಗಂಧಕ ಸೇರಿ ಹುಟ್ಟುವ ಬಣ್ಣ, ತಿಂದರೆ ತೊಂದರೆಯಿಲ್ಲ. ಹೊಸ ಮೊಟ್ಟೆ ಬೆಂದ ಮೇಲೆ ಸುಲಭದಲ್ಲಿ ಸುಲಿಯಲು ಬಾರದು. ಈ ಅಂಗಡಿಯ ಸೋಮವಾರದ ಸರಕನ್ನು ಬುಧವಾರ ಬೇಯಿಸಿದಾಗ ಓಡಿನೊಂದಿಗೆ ಬಿಳಿಯ ಚೂರು ಕಿತ್ತುಬಂದು ಅಕ್ಕ ಗೊಣಗುತ್ತಾರೆ. ಆ ಗೊಣಗಾಟ ಕೇಳಿದರೆ ನನಗೆ ಸಮಾಧಾನ.

ಅಂಗಡಿಯಲ್ಲಿ ಕೊರತೆಗಳೂ ಇವೆ. ಫಾರಂ ಮೊಟ್ಟೆಯ ಜೊತೆಗೆ ಇಲ್ಲಿ ಊರ ಕೋಳಿಯ ಮೊಟ್ಟೆಯೂ ಸಿಗುತ್ತದೆ. ಸುತ್ತಲಿನ ಮನೆಗಳಿಂದ ಹೆಂಗಸರು ತಂದುಕೊಡುವುದು. ಮಣ್ಣು, ಹಿಕ್ಕೆ ಮೆತ್ತಿದ ಆ ಮೊಟ್ಟೆಗಳನ್ನು ಇವರು ಒಂದೇ ಒದ್ದೆ ಬಟ್ಟೆಯಿಂದ ಒಂದಾದ ಮೇಲೊಂದರಂತೆ ಒರೆಸಿ ಬುಟ್ಟಿಗೆ ಹಾಕುತ್ತಾರೆ. ಚೊಕ್ಕವಾಗಿ ಕಾಣಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಕೋಳಿ ಮೊಟ್ಟೆಯಿಡುವಾಗ ಓಡಿನ ರಂಧ್ರಗಳನ್ನು ಮುಚ್ಚುವ ತೆಳುವಾದ ಲೇಪವೊಂದು ಅದರ ಮೇಲಿರುತ್ತದೆ, ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಅದು ಹೋಗುತ್ತದೆ, ಒಂದು ಮೊಟ್ಟೆಯ ಹೊಲಸು ಎಲ್ಲದಕ್ಕೂ ಹರಡುತ್ತದೆ. ಅಮೆರಿಕದಲ್ಲಿ ಮೊಟ್ಟೆಯನ್ನು ತೊಳೆದು ಮಾರುತ್ತಾರೆ, ಆದರೆ ತೊಳೆದ ಮೇಲೆ ತಣ್ಣಗಿನ ಜಾಗದಿಂದ ಹೊರಗೆ ತೆಗೆಯುವುದಿಲ್ಲ. ಯುರೋಪಿನ ದೇಶಗಳಲ್ಲಿ ಸಾಮಾನ್ಯವಾಗಿ ತೊಳೆಯದೆಯೇ ಮಾರುತ್ತಾರೆ. ಒದ್ದೆ ಮಾಡಿ ಸೆಕೆಯಲ್ಲಿಯೇ ಇಡುವ ಈ ಪದ್ಧತಿ ಎರಡೂ ಅಲ್ಲ. ಒಣಗಿದ ಬಟ್ಟೆಯಿಂದ ಮೆಲ್ಲಗೆ ಉಜ್ಜಿ ಬಿಡಿ ಎಂದು ಎರಡು ಸಲ ಹೇಳಿದ್ದೇನೆ, ಇನ್ನೂ ಬದಲಾಗಿಲ್ಲ.

ಊರ ಕೋಳಿಯ ಮೊಟ್ಟೆಗೆ ಇನ್ನೊಂದು ತೊಡಕಿದೆ. ಅಂಗಳದಲ್ಲಿ ಹುಂಜದ ಜೊತೆ ಮೇಯುವ ಹೇಂಟೆಯ ಮೊಟ್ಟೆ ಮರಿಯಾಗಬಲ್ಲ ಮೊಟ್ಟೆ. ನಮ್ಮ ಬೇಸಿಗೆಯ ಬಿಸಿಯಲ್ಲಿ ಕಾವಿಗೆ ಕೂರಿಸದಿದ್ದರೂ ಒಳಗೆ ಬೆಳವಣಿಗೆ ತುಸು ಆರಂಭವಾಗಿ ನಿಂತುಹೋಗುತ್ತದೆ, ಅಂಥದು ಬೇಗ ಕೆಡುತ್ತದೆ. ಕತ್ತಲ ಕೋಣೆಯಲ್ಲಿ ಫೋನಿನ ಟಾರ್ಚಿನ ಮೇಲೆ ಅಗಲ ತುದಿಯನ್ನು ಇಟ್ಟು ನೋಡಿದರೆ ಕೆಂಪು ಎಳೆಗಳು ಜೇಡನ ಬಲೆಯಂತೆ ಕಾಣುತ್ತವೆ. ಗಾಳಿಯ ಗೂಡು ಎಷ್ಟು ದೊಡ್ಡದು ಎಂಬುದೂ ಆಗಲೇ ತಿಳಿಯುತ್ತದೆ. ಯಾವ ಮನೆಯಿಂದ ಯಾವ ದಿನ ಬಂತು ಎಂಬ ಗುರುತು ಈ ಬುಟ್ಟಿಗೆ ಇಲ್ಲವಾದ್ದರಿಂದ ಬೆಲೆ ಎರಡರಷ್ಟಿರುವ ಈ ಮೊಟ್ಟೆಯನ್ನು ಇಲ್ಲಿ ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನೆರೆಮನೆಯಲ್ಲಿ ಕೋಳಿ ಇದ್ದರೆ ಅಲ್ಲಿಂದಲೇ ತರುವುದು ಒಳ್ಳೆಯದು.

ಅಂಗಡಿ ಪಡುವಣಕ್ಕೆ ಮುಖ ಮಾಡಿದೆ. ಮಧ್ಯಾಹ್ನ ಮೂರು ಗಂಟೆಯ ಮೇಲೆ ಜಗಲಿಯ ಅಂಚಿನ ಅಟ್ಟಿಗೆ ಬಿಸಿಲು ನೇರ ಬೀಳುತ್ತದೆ. ಇದನ್ನು ತೋರಿಸಿದ ಮರುವಾರವೇ ಅಂಗಡಿಯವರು ಅಡಿಕೆ ಒಣಗಿಸುವಾಗ ಹೊದಿಸುವ ಹಳೆಯ ಟಾರ್ಪಾಲನ್ನು ಕಟ್ಟಿಸಿದರು. ಆದರೂ ಸಂಜೆ ಕೊಳ್ಳುವವರು ಒಳಗಿನ ಸಾಲಿನಿಂದಲೇ ಕೇಳಿ ಪಡೆಯಲಿ.

ಆರರ ಪ್ಯಾಕಿನಲ್ಲಿ ಬರುವ ಕಂದು ಮೊಟ್ಟೆಗಳೂ ಇಲ್ಲಿವೆ. ಅವುಗಳ ಮೇಲೆ ಮುದ್ರಿಸಿರುವುದು ಪ್ಯಾಕ್ ಮಾಡಿದ ದಿನಾಂಕ. ಇಟ್ಟ ದಿನ ಎಂದು ಅದನ್ನು ಓದಬಾರದು. ಕಂದು ಬಣ್ಣ ಕೋಳಿಯ ತಳಿಯಿಂದ ಬರುವುದೇ ಹೊರತು ಹೊಸತನದಿಂದಲ್ಲ. ನನಗೆ ಇವುಗಳಿಗೆ ಹೆಚ್ಚಿನ ಹಣ ಕೊಡುವ ಕಾರಣ ಕಾಣಲಿಲ್ಲ.

ಭಾಷೆಯ ವಿಷಯವನ್ನೂ ಇಲ್ಲಿ ಬರೆಯಬೇಕು. ಆರಂಭದಲ್ಲಿ ರಟ್ಟಿನ ಮೇಲೆ ವಾರದ ಹೆಸರನ್ನು ಮಲಯಾಳದಲ್ಲಿ ಬರೆಯುತ್ತಿದ್ದರು. 1956ರಲ್ಲಿ ಈ ಸೀಮೆ ಕೇರಳಕ್ಕೆ ಸೇರಿದ ಮೇಲೂ ಇಲ್ಲಿನ ಎಷ್ಟೋ ಹಿರಿಯರು ಓದುವುದು ಕನ್ನಡವನ್ನು ಮಾತ್ರ. ಮಲಯಾಳ ಮಾತಾಡುತ್ತಾರೆ, ಅಕ್ಷರ ಗೊತ್ತಿಲ್ಲ. ನಮ್ಮ ಅಡುಗೆಯ ಅಕ್ಕನೂ ಹಾಗೆಯೇ. ತಿನ್ನುವ ಪದಾರ್ಥದ ದಿನಾಂಕ ಕೊಳ್ಳುವವರಿಗೆ ಓದಲು ಬಾರದಿದ್ದರೆ ಅದು ಇದ್ದೂ ಇಲ್ಲದಂತೆ. ಇದನ್ನು ಹೇಳಿದಾಗ ಅಂಗಡಿಯವರು ಒಂದು ಮಾತೂ ಎದುರಾಡದೆ ಮರುದಿನದಿಂದ ಎಲ್ಲರಿಗೂ ತಿಳಿಯುವ ಅಂಕಿಗಳಲ್ಲಿ ದಿನ, ತಿಂಗಳು ಬರೆಯತೊಡಗಿದರು. ಅವರು ತುಳು, ಮಲಯಾಳ, ಕನ್ನಡ ಮೂರರಲ್ಲಿಯೂ ಗಿರಾಕಿಯ ಭಾಷೆಗೆ ತಕ್ಕಂತೆ ಉತ್ತರಿಸುತ್ತಾರೆ, ಪ್ರಶ್ನೆ ಕೇಳಿದರೆ ಸಿಡುಕುವುದಿಲ್ಲ.

ಶಬರಿಮಲೆಯ ಮಂಡಲ ಕಾಲದಲ್ಲಿ ವ್ರತ ಹಿಡಿದ ಮನೆಗಳಲ್ಲಿ ಮೊಟ್ಟೆಯ ಬಳಕೆ ನಿಂತು ಸರಕು ಮೆಲ್ಲಗೆ ಖಾಲಿಯಾಗುತ್ತದೆ. ಆ ವಾರಗಳಲ್ಲಿ ಇವರು ಗುರುವಾರದ ಲೋಡನ್ನೇ ಬಿಟ್ಟುಬಿಡುತ್ತಾರೆ. ಆಗ ಶನಿವಾರ ಹೋದವರಿಗೆ ಐದು ದಿನದ ಹಿಂದಿನದೇ ಸಿಗುತ್ತದೆ, ಆದರೆ ರಟ್ಟು ಸುಳ್ಳು ಹೇಳುವುದಿಲ್ಲ. ಕೆಟ್ಟದ್ದು ಬಂದರೆ ಒಡೆದ ಮೊಟ್ಟೆಯ ಫೋಟೋ ತೋರಿಸಿದರೆ ಸಾಕು, ಬದಲು ಕೊಡುತ್ತಾರೆ. ನೀರಿಗೆ ಹಾಕಿ ನೋಡಿದ ಹಸಿ ಮೊಟ್ಟೆಯನ್ನು ಮಾತ್ರ ಮರಳಿ ತೆಗೆದುಕೊಳ್ಳುವುದಿಲ್ಲ. ಮೊದಲು ನನಗೆ ಇದು ಹಟವೆನ್ನಿಸಿತ್ತು. ಯೋಚಿಸಿದರೆ ಅವರದೇ ಸರಿ: ಬೆಚ್ಚಗಿನ ಮೊಟ್ಟೆ ತಣ್ಣೀರಿಗೆ ಬಿದ್ದಾಗ ಒಳಗಿನದು ಕುಗ್ಗಿ, ಓಡಿನ ಮೇಲಿನ ಹೊಲಸನ್ನು ನೀರಿನ ಜೊತೆ ರಂಧ್ರಗಳ ಮೂಲಕ ಒಳಗೆ ಎಳೆದುಕೊಳ್ಳುತ್ತದೆ. ನೀರಿನ ಪರೀಕ್ಷೆಯನ್ನು ಬೇಯಿಸುವ ಗಳಿಗೆಯಲ್ಲಿಯೇ ಮಾಡಬೇಕು, ಮಾಡಿದ ಮೇಲೆ ಟ್ರೇಗೆ ಹಿಂದಿರುಗಿಸಬಾರದು.

ಮನೆಗೆ ಒಯ್ಯುವವರು ನೇರ ಫ್ರಿಜ್ಜಿನಲ್ಲಿಡಲಿ. ಬಾಗಿಲಿನ ಗುಂಡಿಗಳಿಗಿಂತ ಒಳಗಿನ ತಟ್ಟು ಮೇಲು, ಬಾಗಿಲು ತೆರೆದು ಮುಚ್ಚುವಾಗಲೆಲ್ಲ ಬಿಸಿಗಾಳಿ ತಾಗುವುದು ಅಲ್ಲಿ ಕಡಿಮೆ. ಚೂಪು ತುದಿ ಕೆಳಗಿರಲಿ. ಒಮ್ಮೆ ಫ್ರಿಜ್ಜಿಗೆ ಸೇರಿದ್ದನ್ನು ಹೊರಗಿಟ್ಟು ಬೆವರಲು ಬಿಡಬಾರದು. ಹೀಗೆ ಇಟ್ಟರೆ ಮೂರು ವಾರ ಧೈರ್ಯವಾಗಿ ಬಳಸಬಹುದು. ಬೇಯಿಸಿದ ಮೊಟ್ಟೆ ಹಸಿಯದಕ್ಕಿಂತ ಹೆಚ್ಚು ದಿನ ಬಾಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು ತಿಳಿವಳಿಕೆ. ಬೇಯಿಸಿದ್ದು ಫ್ರಿಜ್ಜಿನಲ್ಲಿಯೂ ಒಂದು ವಾರಕ್ಕಿಂತ ಹೆಚ್ಚು ಬೇಡ, ಹೊರಗೆ ಎರಡು ಗಂಟೆಗಿಂತ ಹೆಚ್ಚು ಬೇಡ. ಶಾಲೆಯಲ್ಲಿ ನಾವು ಹನ್ನೊಂದೂವರೆಗೆ ಒಲೆಗಿಟ್ಟು, ಹನ್ನೆರಡೂವರೆಯ ಗಂಟೆ ಹೊಡೆಯುವ ಹೊತ್ತಿಗೆ ಸುಲಿದು ಬಡಿಸುವುದು ಅದಕ್ಕಾಗಿಯೇ. ಉಳಿದದ್ದನ್ನು ಮನೆಗೆ ಕಟ್ಟಿಕೊಡುವುದಿಲ್ಲ.

ಇತರ ಅಂಗಡಿಗಳಿಗಿಂತ ಇಲ್ಲಿ ಟ್ರೇಗೆ ನಾಲ್ಕೈದು ರೂಪಾಯಿ ಹೆಚ್ಚು. ಐದು ನಕ್ಷತ್ರಗಳಲ್ಲಿ ನಾನು ನಾಲ್ಕು ಕೊಟ್ಟಿದ್ದೇನೆ. ಒಂದನ್ನು ಹಿಡಿದಿಟ್ಟದ್ದು ಆ ಒದ್ದೆ ಬಟ್ಟೆಗಾಗಿ. ಕಳೆದ ಮಂಗಳವಾರ ಸಂಜೆ ಒಯ್ದ ಐದು ಟ್ರೇಗಳ ರಟ್ಟಿನಲ್ಲಿ ಹಿಂದಿನ ದಿನದ ದಿನಾಂಕವಿತ್ತು, ಮರುದಿನ ಬೆಳಗ್ಗೆ ಅಕ್ಕನ ಚರಿಗೆಯಲ್ಲಿ ಒಂದು ಮೊಟ್ಟೆಯೂ ಎದ್ದು ನಿಲ್ಲಲಿಲ್ಲ.